ಸೆರಗಿನ ಗಂಟಿನ ಮಣ್ಣು

ಭೀಮನಬೀಡು

ಲೋ ಪುಟ್ಟಮಾದು,

ನಾಚಿಕೆಗೆಟ್ಟವನೇ, ಬದನಗುಪ್ಪೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಅಜ್ಜಿಯ ಫೋನೂ ಎತ್ತುವುದಿಲ್ಲ. ಅದಕ್ಕೇ ಈ ಕಾಗದ.

ನಾನು ಮಣ್ಣು ತೂರಿ ಶಾಪ ಹಾಕಿದ್ದನ್ನು ಕದ್ದು ರೆಕಾರ್ಡ್ ಮಾಡಿ, ಜಪಾನಿನ ಕಾರ್ಟೂನು ರಾಕ್ಷಸನ ಬಾಯಿಗೆ ಹಾಕಿ ಊರಿಗೆಲ್ಲ ಕಳಿಸಿದೆಯಲ್ಲ. ಮೊನ್ನೆ ಚಿಕ್ಕಮಲ್ಲಮ್ಮನ ಮೇಕೆ ನನ್ನ ಚೆಂಡುಹೂವನ್ನೆಲ್ಲ ಮೇಯ್ದುಬಿಟ್ಟಿತು. ಹಿಡಿ ಮಣ್ಣು ತೆಗೆದುಕೊಂಡು ಅವಳ ಬಾಗಿಲಿಗೆ ಹೋದೆ. ಮೊದಲಾಗಿದ್ದರೆ ಕಾಲು ಹಿಡಿಯುತ್ತಿದ್ದಳು. ಈಗ, "ಇನ್ನೊಂದ್ಸಲ ಯೋಳಕ್ಕ, ಮಕ್ಳು ಕೇಳ್ಲಿ" ಎಂದು ನಕ್ಕಳು. ನನ್ನ ಶಾಪಕ್ಕೆ ಇನ್ನು ಯಾರು ಹೆದರುತ್ತಾರೆ?

ನಿನ್ನ ತಂಗಿ ಭಾಗ್ಯಳ ಫೋನಿನಲ್ಲಿ ನಾನೂ ನೋಡಿದೆ. ಆ ರಾಕ್ಷಸ ಲೋಕವನ್ನೇ ಸುಡುತ್ತೇನೆಂದು ಅಬ್ಬರಿಸಿ, ತನ್ನ ನಿಲುವಂಗಿಯನ್ನೇ ತುಳಿದು ಬೀಳುತ್ತಾನೆ. ಎದ್ದು, ಮುಖ ಗಂಟಿಕ್ಕಿಕೊಂಡು, ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ನಗು ತಡೆಯಲಾಗಲಿಲ್ಲ ಕಣ್ಲಾ. ಅದು ಬೇರೆ ಮಾತು.

ಈಗ ಇನ್ನೊಂದು ಮಾಡು. ರಾಕ್ಷಸನ ಬದಲು ಮೇಕೆ ಇರಲಿ, ಅದಕ್ಕೆ ಚಿಕ್ಕಮಲ್ಲಮ್ಮನ ಮುಖ ಇರಲಿ. ಮೂಗುತಿ ಮರೆಯಬೇಡ. ಲೋಕ ಸುಡಲು ಹೊರಟು ಚೆಂಡುಹೂವಿನ ಮೇಲೆ ಜಾರಿ ಬೀಳಲಿ. ದನಿ ನಾನೇ ಕೊಡುತ್ತೇನೆ. ಅವಳು ಹಾಲು ಹಾಕಲು ಹೋದಲ್ಲೆಲ್ಲ ಜನ ನಗಬೇಕು.

ಅವಳ ಬಾಗಿಲಿಗೆ ತೂರಬೇಕಿದ್ದ ಮಣ್ಣು ನನ್ನ ಸೆರಗಿನ ಗಂಟಿನಲ್ಲೇ ಇದೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರಿ. ಇಲ್ಲವಾದರೆ ಅದು ನಿನಗೆ.

ನಿನ್ನ ಅಜ್ಜಿ,
ದೊಡ್ಡಮಾದಮ್ಮ