ನೀರುಕರಡಿಯ ಡಬ್ಬಿ

ಮಾನ್ಯ ಅಧ್ಯಕ್ಷರೆ, ವೇದಿಕೆಯ ಗಣ್ಯರೆ, ಪಾಚಿಯೊಳಗೆ ನೆರೆದಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಾದ ಸಮಸ್ತ ನೀರುಕರಡಿ ಬಾಂಧವರೆ, ಮತ್ತು ಕೊನೆಯ ಸಾಲಿನಲ್ಲಿ ಫೋನು ನೋಡುತ್ತ ಕೂತಿರುವ ಅನುಪಮಾ,

ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದ ನಾನು ಜೀನುಗಳ ಬಗ್ಗೆ ಎರಡು ಮಾತಾಡಲು ನಿಂತಿದ್ದೇನೆ. ಇದು ಕಾಗದದ ಮೇಲಿನ ಸಭೆ, ನಿಜಕ್ಕೂ ಇರುವವಳು ನಾನೊಬ್ಬಳೇ ಆದ್ದರಿಂದ ಗದ್ದಲವಿಲ್ಲ.

ನಿನ್ನಪ್ಪ ತೀರಿಕೊಂಡ ಎರಡು ವರ್ಷಕ್ಕೆ, ಈ ಜನವರಿಯಲ್ಲಿ ನೀನು ಮಸ್ಕಿಗೆ ಬಂದೆ. ನನಗಾಗಿ ಅಲ್ಲ, ನಿನ್ನ ಸಂಶೋಧನೆಗೆ ಬೇಕಾದ ವಳಕಮದಿನ್ನಿ ಕಾಲುವೆ ಗೋಡೆಯ ಪಾಚಿಗಾಗಿ. ಆದರೂ ಪ್ರಾಸ ಕಟ್ಟಿದೆ: ಕಾಣದ ಕರಡಿ, ಪಾಚಿಯ ಗೋಡಿ, ಮಗಳು ಬಂದಳು ಮಸ್ಕಿಗೆ ಓಡಿ. ನೀನು ನಗಲಿಲ್ಲ. ನಿನ್ನಪ್ಪನಾದರೆ ನಕ್ಕಂತೆ ಮಾಡುತ್ತಿದ್ದರು.

ರೊಟ್ಟಿ ಮುರಿಯುತ್ತ ನೀನೇ ಪಾಠ ಹೇಳಿದೆ. ‘ಕರಡಿಯೊಳಗ ಬ್ಯಾಕ್ಟೀರಿಯಾದ ಜೀನು ಸಿಕ್ಕರ ಕುಣಿಯಂಗಿಲ್ಲ, ಚಿಗವ್ವ. ಅದರ ಅಕ್ಕಪಕ್ಕ ನೋಡಬೇಕು. ಒಂದೇ ಡಿ.ಎನ್.ಎ. ಎಳಿಯೊಳಗ ಎರಡೂ ಕಡೆ ಕರಡಿ ಜೀನು ಇದ್ರ ಅದು ಮನೀದು. ಇಲ್ಲಂದ್ರ ಹೊರಗಿಂದ ಹತ್ತಿದ ಹೊಲಸು.’

ನಾನು ರೊಟ್ಟಿ ತಿರುವಿ ಹಾಕಿದೆ. ನಿನಗೆ ಒಂಬತ್ತಾಗಿದ್ದಾಗ ಆ ಮನೆಗೆ ಎರಡನೆಯವಳಾಗಿ ಬಂದವಳು ನಾನು. ಒಂದು ಪಕ್ಕ ನಿನ್ನಪ್ಪ, ಇನ್ನೊಂದು ಪಕ್ಕ ನೀನು. ಹದಿನೈದು ವರ್ಷ ನಡುವೆ ಕೂತೆ. ಈಗ ಉಳಿದದ್ದು ಒಂದೇ ಪಕ್ಕ, ಅದೂ ಬಸ್ಸಿನ ಹೊತ್ತು ನೋಡುತ್ತಿತ್ತು.

ಲಿಂಗಸುಗೂರಿನ ಪಾಚಿಗೆ ಹೊರಡುವಾಗ, ಕಾಲುವೆ ಗೋಡೆಯ ಪಾಚಿ ತುಂಬಿದ ಡಬ್ಬಿಯನ್ನು ನನ್ನ ಕೈಗಿಟ್ಟೆ. ‘ಸಂಜಿಗೆ ಬಂದು ಒಯ್ತೀನಿ. ಏನೂ ಹಾಕಬ್ಯಾಡ. ಕೆಟ್ರ ಮತ್ತ ನಾನ ಬರಬೇಕಾಗತೈತಿ.’

ಸಂಜೆ ಬಂದೆ. ಬಾಗಿಲಲ್ಲೇ ಡಬ್ಬಿ ಇಸಿದುಕೊಂಡೆ. ಚಹಾ ಆರಿತು.

ನಿನ್ನೆ ನಿನ್ನ ಫೋನು. ಇಷ್ಟು ಖುಷಿಯ ದನಿ ನಿನ್ನಪ್ಪ ಹೋದಮೇಲೆ ಕೇಳಿರಲಿಲ್ಲ. ‘ಚಿಗವ್ವ, ನಲವತ್ತು ಹೊರಗಿನ ಜೀನು ಸಿಕ್ಕಾವು. ಅರ್ಧ ಮೊಸರಿನ ಬ್ಯಾಕ್ಟೀರಿಯಾಕ್ಕ ಹೊಂದತಾವು. ಕಾಲುವಿಗೆ ಮೊಸರು ಎಲ್ಲಿಂದ ಬರತೈತಿ, ಕರಡಿದ ಇರಬೇಕು. ಅಕ್ಕಪಕ್ಕ ನೋಡೋದು ಬಾಕಿ ಐತಿ. ಆದ್ರೂ ಸೋಮವಾರ ಎಲ್ಲಾರ ಮುಂದ ಪ್ರಬಂಧ ಓದತೀನಿ.’ ನಾನು ಹ್ಞೂಂ ಅಂದೆ. ಮಾನ್ಯ ಅಧ್ಯಕ್ಷರೆ, ಈ ವಿಷಯದಲ್ಲಿ ನನ್ನ ನಮ್ರ ಅಭಿಪ್ರಾಯವೇನೆಂದರೆ...

ಅನೂ, ಭಾಷಣ ಸಾಕು. ಆ ಡಬ್ಬಿಗೆ ಮಜ್ಜಿಗೆ ಹಾಕಿದವಳು ನಾನು. ಎರಡು ಚಮಚ. ಕೈತಪ್ಪಿ ಅಲ್ಲ. ನೀನು ಮತ್ತೆ ಬರಲಿ ಅಂತ.

ಸೋಮವಾರ ಓದಬೇಡ. ಕಾಲುವೆ ಗೋಡೆಯಲ್ಲಿ ಪಾಚಿ ಇನ್ನೂ ಇದೆ. ಬೇರೆ ಯಾರನ್ನಾದರೂ ಕಳಿಸು, ಡಬ್ಬಿ ನನ್ನ ಕೈಗೆ ಕೊಡದಂತೆ ಹೇಳು.

ನಿನ್ನ ಕೆಲಸ ಹಸನಾಗಲಿ, ತಾಯಿ.

ಚಿಗವ್ವ ಪದ್ಮಾವತಿ