ಜಗಲಿ ಮ್ಯಾಲಿನ ರೋಬೋಟ್ ಮುಖ

ಏನ್ರಿ,

ರೊಟ್ಟಿ ಬುಟ್ಟ್ಯಾಗ ಅದಾವು. ಹಿಟ್ಟಿನ ಡಬ್ಬಿ ಮ್ಯಾಲ ಇಟ್ಟ ನಿಮ್ಮ ಬಣ್ಣದ ಬ್ರಷ್ ತೊಳದಿಡ್ರಿ.

ಸಿನಿಮಾದಾಗಿನ ಆ ರೋಬೋಟ್ ಮುಖ ಚಂದ ಮಾಡೀರಿ, ಖರೆ. ಆದ್ರ ಬೆಳ್ಳಿ ಬಣ್ಣ ಆರಲಿ ಅಂತ ದೇವರ ಜಗಲಿ ಮ್ಯಾಲ ಯಾಕ ಇಟ್ರಿ? ಮಗ ಬೀರಪ್ಪ ದೇವರಿಗೆ ಹೊಸಾ ಬೆಳ್ಳಿ ಮುಖ ಮಾಡಿಸ್ಯಾನ ಅಂತ ತಿಳದು ಅತ್ತಿ ಅರಿಶಿಣದ ಭಂಡಾರ ಹಚ್ಚಿ, ಹೂ ಏರಿಸಿ ಕುಂತಾರ. ಬಾಜೂ ಮನಿಯವರೂ ಬಂದು ಕಾಯಿ ಒಡದು ಹೋದ್ರು. ಅತ್ತಿ ಖುಷಿ ಮಾರಿ ನೋಡಿ ನನಗ ಹೇಳಾಕ ಮನಸ್ಸಾಗಲಿಲ್ಲ. ನೀವ ಹೇಳ್ರಿ.

ಅಲ್ಲೀತನಕ ಅದರ ಕಣ್ಣಾಗಿನ ಕೆಂಪು ಲೈಟ್ ಮಾತ್ರ ಹಚ್ಚಬ್ಯಾಡ್ರಿ. ಓಣಿ ಮಂದಿ ಎಲ್ಲಾ ಬಂದಾರು, ಅಷ್ಟು ಮಂದಿಗೆ ಚಾ ಕಾಸಾಕ ನನ್ನ ಕಡಿಂದ ಆಗೂದಿಲ್ಲ.

ಘಟಪ್ರಭಾ ಊರಿಗೆ ಡ್ಯೂಟಿಗೆ ಹೊಂಟೇನಿ. ಹೊಂಡೂ ಮುಂದ ನಾನೂ ಆ ಮುಖಕ್ಕ ಕೈ ಮುಗದೆ, ಇವತ್ತರ ಬಸ್ಸಿನ್ಯಾಗ ಕುಂದ್ರಾಕ ಜಾಗಾ ಸಿಗಲಿ ಅಂತ.

ನಾಗರತ್ನಾ