ಬಾಗಿಲಿನ ಮೇಲೆ ಹಾಕಿದ ಗಾಯ

ಅತ್ತಿಗೆಗೆ ನಮಸ್ಕಾರಗಳು.

ಬೆರಳು ಮನೆ ಬಾಗಿಲಿಗೆ ಸಿಕ್ಕಿತೆಂಬ ಕಥೆಯನ್ನು ಮೊದಲು ಹೇಳಿದವನು ಅಣ್ಣನೇ, ನಿನ್ನೆ ಟೀ ಹೊತ್ತಿನಲ್ಲಿ, ಕೈಗೆ ಬ್ಯಾಂಡೇಜ್ ಸುತ್ತಿಕೊಂಡು. "ನಿಮ್ಮತ್ತಿಗೆ ಮುನಿಸಿಕೊಂಡು ದಢಾರನೆ ಬಾಗಿಲು ಹಾಕಿದಳು ಕಣ್ರಪ್ಪಾ. ಬೆರಳು ಒಳಗೆ, ನಾನು ಹೊರಗೆ" ಅಂದ. ಮರಗೆಲಸದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಅದು ಸುಳ್ಳೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊನ್ನೆ ಅವನ ಬೆರಳು ಸಿಕ್ಕಿದ್ದು ನಮ್ಮ ಕಾರ್ಖಾನೆಯ ಮುಚ್ಚಳ ಮುರಿದ ಗರಗಸದ ಯಂತ್ರಕ್ಕೆ. ಈ ಸಲ ಸರ್ಕಾರಕ್ಕೆ ಕೊಡುವ ಕಾರ್ಖಾನೆಯ ಗಾಯದ ಲೆಕ್ಕ ಸೊನ್ನೆಯಾದರೆ ಗುಮಾಸ್ತನಾದ ನನ್ನ ಕೆಲಸ ಕಾಯಂ ಎಂದು ಮಾಲೀಕರು ಹೇಳಿದ್ದರು. ಅದಕ್ಕೇ ಅಣ್ಣ ಗಾಯವನ್ನು ಮನೆ ಬಾಗಿಲಿನ ಮೇಲೆ ಹಾಕಿದ. ನಾನು ಎಲ್ಲ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಸೊನ್ನೆ ಒತ್ತಿ ಸರ್ಕಾರಕ್ಕೆ ಕಳಿಸಿಬಿಟ್ಟೆ.

ಅದನ್ನು ತಿದ್ದಲು ಇವತ್ತು ಸಂಜೆವರೆಗೆ ಗಡುವಿದೆ. ನಡೆದದ್ದನ್ನು ಅಣ್ಣನಿಂದ ಹೇಳಿಸಿ ಬರೆದು, ಆಸ್ಪತ್ರೆ ಚೀಟಿಯ ಜೊತೆ ಕಳಿಸಿಕೊಡಿ. ನನ್ನ ಕೆಲಸದ ಚಿಂತೆ ಅವನಿಗೆ ಬೇಡ. ನಾನೇ ಬರಬೇಕಿತ್ತು, ನಿಮಗೆ ಮುಖ ತೋರಿಸಲು ಆಗುತ್ತಿಲ್ಲ.

ನಿನ್ನೆ ಆ ಕಥೆ ಕೇಳಿ ನಕ್ಕವರಲ್ಲಿ ಒಬ್ಬರೂ ಇವತ್ತು ಬೆಳಿಗ್ಗೆ ಆ ಗರಗಸದ ಹತ್ತಿರ ಸುಳಿಯಲಿಲ್ಲ.

ಇಂತಿ,
ನಿಮ್ಮ ಮೈದುನ